ಸಿನ್ಸಿನಾಟಿಯಲ್ಲಿ ನಮ್ಮ ಕೌನ್ಸಿಲರ್ ಯಾರು? ವಾರ್ಡೇ ಇಲ್ಲದ ಊರಲ್ಲಿ ಯಾರನ್ನ ಕೇಳೋದು?

ಹಾಸನದ ಹುಡುಗ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಓಹಿಯೋ ರಾಜ್ಯದ ಸಿನ್ಸಿನಾಟಿಯ ನಾರ್ತ್‌ಸೈಡ್ ಬಡಾವಣೆಯಲ್ಲಿ. ಸಿಟಿಜನ್‌ಶಿಪ್ ಸಿಕ್ಕ ಮೇಲೆ ಊರಿನ ಚುನಾವಣೆಗೆ ಮೊದಲ ಸಲ ಮತ ಹಾಕಿದೆ. ಸಿಟಿ ಕೌನ್ಸಿಲ್ ಅಂತ ಉದ್ದದ ಪಟ್ಟಿ ಇತ್ತು. ಅದರಲ್ಲಿ ಒಂಬತ್ತು ಜನರವರೆಗೆ ಆರಿಸಬಹುದು. ಹೆಸರಿನ ಪಕ್ಕ ಪಕ್ಷ ಇಲ್ಲ. ಯಾವ ಬಡಾವಣೆಯವರು ಅಂತಲೂ ಇಲ್ಲ. ವಾರ್ಡ್ ಅನ್ನೋದೇ ಇಲ್ವಂತೆ ಇಲ್ಲಿ!

ಹಾಸನದಲ್ಲಿ ನಮ್ಮ ವಾರ್ಡಿನ ಸದಸ್ಯರ ಮನೆ ಎಲ್ಲರಿಗೂ ಗೊತ್ತಿತ್ತು. ನಲ್ಲಿಯಲ್ಲಿ ನೀರು ಬರಲಿಲ್ಲ ಅಂದ್ರೆ ಅಪ್ಪ ಬೆಳಗ್ಗೆಯೇ ಹೋಗಿ ಅವರ ಗೇಟ್ ಹತ್ತಿರ ನಿಲ್ಲುತ್ತಿದ್ದರು. ಇಲ್ಲಿ ಯಾರ ಗೇಟ್ ಹತ್ತಿರ ನಿಲ್ಲಬೇಕು? ನಮ್ಮ ಬೀದಿಯಲ್ಲಿ ಮಕ್ಕಳು ಸ್ಕೂಲ್ ಬಸ್ಸಿಗೆ ಕಾಯುತ್ತಾರೆ. ಕಾರುಗಳು ತುಂಬಾ ಜೋರಾಗಿ ಬರುತ್ತವೆ. ಒಂದು ಹಂಪ್ ಹಾಕಿಸಬೇಕು. ಮೇಯರ್‌ಗೆ ಹೇಳಬೇಕಾ, ಸಿಟಿ ಮ್ಯಾನೇಜರ್‌ಗಾ, ಈ ಒಂಬತ್ತು ಜನರಲ್ಲಿ ಒಬ್ಬರಿಗಾ? ನಿಜವಾಗಿ ಊರು ನಡೆಸುವವರು ಯಾರು?

ಓಹಿಯೋ ದಂಡೆ:
ಒಂಬತ್ತು ಜನರೂ ನಿಮ್ಮವರೇ. ಅದೇ ಇಲ್ಲಿನ ತೊಂದರೆ. ಎಲ್ಲರೂ ಇಡೀ ಊರಿಗೆ ಅಂದ್ರೆ ನಿಮ್ಮ ಬೀದಿಗೆ ಅಂತ ಯಾರೂ ಇಲ್ಲ.

ನಗರಯೋಜಕಿ:
ಇರಿ, ಅಷ್ಟು ಬೇಗ ಕೈ ಚೆಲ್ಲಬೇಡಿ. ಮೊದಲು ಯಾರ ಕೆಲಸ ಏನು ಅಂತ ಹೇಳುತ್ತೇನೆ. ನಾನು ಓದಿದ್ದು ಇದೇ ವಿಷಯ.

ಕಾನೂನು ಮಾಡುವುದು, ಬಜೆಟ್ ಪಾಸ್ ಮಾಡುವುದು, ಎಲ್ಲಿ ಏನು ಕಟ್ಟಬಹುದು ಅನ್ನುವ ಝೋನಿಂಗ್ ತೀರ್ಮಾನ, ಇದೆಲ್ಲ ಒಂಬತ್ತು ಜನರ ಕೌನ್ಸಿಲ್ ಕೆಲಸ. ಐದು ಮತ ಬಿದ್ದರೆ ಪಾಸ್.

ಮೇಯರ್ ಕೌನ್ಸಿಲ್ ಸಭೆಗೆ ಅಧ್ಯಕ್ಷರು. ಆದರೆ ಅವರಿಗೆ ಅಲ್ಲಿ ಮತ ಇಲ್ಲ! ಪಾಸಾದದ್ದನ್ನು ತಡೆಯುವ ವೀಟೋ ಇದೆ. ಆ ವೀಟೋವನ್ನು ತಳ್ಳಿಹಾಕಲು ಕೌನ್ಸಿಲ್‌ನಲ್ಲಿ ಆರು ಮತ ಬೇಕು. ಯಾವ ಪ್ರಸ್ತಾಪ ಯಾವ ಸಮಿತಿಗೆ ಹೋಗಬೇಕು ಅಂತ ಕಳಿಸುವವರೂ ಮೇಯರೇ. ಮೊದಲು ಅವರಿಗೆ ಇಷ್ಟವಿಲ್ಲದ ಪ್ರಸ್ತಾಪವನ್ನು ಸಮಿತಿಗೇ ಕಳಿಸದೆ ಮೇಜಿನ ಮೇಲೆ ಇಟ್ಟುಕೊಂಡು ಕೂರಬಹುದಿತ್ತು. 2022ರಲ್ಲಿ ಜನರೇ ಮತ ಹಾಕಿ ಆ ಅಧಿಕಾರ ತೆಗೆದರು.

ಇನ್ನು ದಿನದ ಆಡಳಿತ. ಪೊಲೀಸ್, ಅಗ್ನಿಶಾಮಕ, ರಸ್ತೆ, ಕಸ, ನೀರು, ಇಂಥ ಇಲಾಖೆಗಳೆಲ್ಲ ಸಿಟಿ ಮ್ಯಾನೇಜರ್ ಕೈಕೆಳಗೆ. ಅವರು ಚುನಾವಣೆಗೆ ನಿಂತು ಬಂದವರಲ್ಲ. ಮೇಯರ್ ಹೆಸರು ಸೂಚಿಸುತ್ತಾರೆ, ಕೌನ್ಸಿಲ್ ಒಪ್ಪಿ ನೇಮಿಸುತ್ತದೆ. ಕೌನ್ಸಿಲ್ ಸದಸ್ಯರು ನೇರವಾಗಿ ಒಬ್ಬ ಎಂಜಿನಿಯರ್‌ಗೆ ಫೋನ್ ಮಾಡಿ "ನಾಳೆ ಅಲ್ಲಿ ಹಂಪ್ ಹಾಕು" ಅನ್ನುವ ಹಾಗಿಲ್ಲ. ಮಾಹಿತಿ ಕೇಳಬಹುದು, ಆಜ್ಞೆ ಕೊಡುವಂತಿಲ್ಲ. ಏನಿದ್ದರೂ ಮ್ಯಾನೇಜರ್ ಮೂಲಕ. ಇದು ನಗರದ ಚಾರ್ಟರ್‌ನಲ್ಲೇ, ಅಂದ್ರೆ ಊರಿನ ಮೂಲ ಕಾನೂನಿನಲ್ಲೇ ಇದೆ.

ರಾಗಿಮುದ್ದೆ:
ಅಂದ್ರೆ ಮ್ಯಾನೇಜರ್ ನಮ್ಮ ಮೈಸೂರು ಪಾಲಿಕೆ ಕಮಿಷನರ್ ಇದ್ದ ಹಾಗೆ. ಮೇಯರ್ ಹಾರ ಹಾಕಿಸಿಕೊಳ್ಳುವವರು, ಕಮಿಷನರ್ ಕೆಲಸ ಮಾಡುವವರು. ಎಲ್ಲ ಕಡೆ ಒಂದೇ ಕಥೆ ಅಲ್ವಾ?

ನಗರಯೋಜಕಿ:
ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತದೆ, ಬುಡದಲ್ಲಿ ಬೇರೆ. ಮೈಸೂರಿನ ಕಮಿಷನರ್‌ನ ಕಳಿಸುವುದು ರಾಜ್ಯ ಸರ್ಕಾರ. ವರ್ಗ ಮಾಡುವುದೂ ಅದೇ. ಪಾಲಿಕೆ ತಾನೇ ಅವರನ್ನು ಕಳಿಸಿಬಿಡುವ ಹಾಗಿಲ್ಲ. ಸಿನ್ಸಿನಾಟಿಯ ಮ್ಯಾನೇಜರ್‌ನ ಇಟ್ಟುಕೊಳ್ಳುವುದೂ ಕಳಿಸುವುದೂ ಇದೇ ಊರಿನ ಮೇಯರ್ ಮತ್ತು ಕೌನ್ಸಿಲ್. ಓಹಿಯೋ ರಾಜ್ಯ ಸರ್ಕಾರದ ಮುಖ್ಯಸ್ಥರಾದ ಗವರ್ನರ್‌ಗೆ ಅದರಲ್ಲಿ ಮಾತಿಲ್ಲ. ಇದು ದೊಡ್ಡ ವ್ಯತ್ಯಾಸ.

ಮೇಯರ್ ಬರೀ ಹಾರಕ್ಕೆ ಅನ್ನುವುದೂ ಇಲ್ಲಿ ಸರಿಹೋಗದು. ನಮ್ಮಲ್ಲಿ ಮೈಸೂರು ಮೇಯರ್ ಅವಧಿ ಒಂದೇ ವರ್ಷ. ಕುರ್ಚಿ ಬಿಸಿಯಾಗುವ ಹೊತ್ತಿಗೆ ಏಳಬೇಕು. ಇಲ್ಲಿ ಜನರೇ ನೇರವಾಗಿ ನಾಲ್ಕು ವರ್ಷಕ್ಕೆ ಆರಿಸುತ್ತಾರೆ.

ಕುಂದಾಪ್ರ ಭಟ್ರು:
ಬೆಂಗಳೂರಿನ ಕಥೆ ಇನ್ನೂ ಬೇಜಾರು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಅಧಿಕಾರಿಗಳದ್ದೇ ಆಡಳಿತ. ಅಮೆರಿಕದಲ್ಲಿ ಇಂಥದ್ದು ಆಗಲು ಸಾಧ್ಯವೇ ಇಲ್ಲ.

ಮಿಷಿಗನ್ ಮಾವ:
ಭಟ್ರೇ, ಆಗುತ್ತೆ. ನಮ್ಮ ರಾಜ್ಯದಲ್ಲೇ ಆಯಿತು. ಫ್ಲಿಂಟ್ ನಗರದ ಹಣಕಾಸು ಕೆಟ್ಟಿದೆ ಅಂತ ಗವರ್ನರ್ ಅಲ್ಲಿಗೆ ಎಮರ್ಜೆನ್ಸಿ ಮ್ಯಾನೇಜರ್ ಹಾಕಿದರು. ಜನ ಆರಿಸಿದ ಕೌನ್ಸಿಲ್‌ನ ಅಧಿಕಾರ ಹೋಯಿತು. ಅವರ ಆಡಳಿತದಲ್ಲೇ 2014ರ ಏಪ್ರಿಲ್‌ನಲ್ಲಿ ದುಡ್ಡು ಉಳಿಸಲು ಕುಡಿಯುವ ನೀರನ್ನು ಫ್ಲಿಂಟ್ ನದಿಗೆ ಬದಲಾಯಿಸಿದರು. ಪೈಪ್ ಕೊರೆಯದ ಹಾಗೆ ಹಾಕಬೇಕಾದ ರಾಸಾಯನಿಕ ಹಾಕಲಿಲ್ಲ. ಹಳೇ ಪೈಪಿನ ಸೀಸ ನೀರಿಗೆ ಇಳಿಯಿತು. ಮಕ್ಕಳು ಆ ನೀರು ಕುಡಿದರು. ಜನ ಕಂದು ಬಣ್ಣದ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಬಂದು ತೋರಿಸಿದರೂ ಎಷ್ಟೋ ತಿಂಗಳು ಯಾರೂ ಕೇಳಲಿಲ್ಲ.

ಮತ ಕೇಳಲು ಮತ್ತೆ ಬರಬೇಕಾದವರು ಅಧಿಕಾರದಲ್ಲಿ ಇದ್ದಿದ್ದರೆ ಅಷ್ಟು ದಿನ ಕಿವಿ ಮುಚ್ಚಿಕೊಂಡು ಕೂರುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಹಾಗಾಗಿ ಅಮೆರಿಕ ಅಂದ ಮಾತ್ರಕ್ಕೆ ಎಲ್ಲ ಸರಿ ಅಂದುಕೊಳ್ಳಬೇಡಿ.

ವೆಸ್ಟ್‌ಚೆಸ್ಟರ್ ಅಮ್ಮ:
ಹಂಪು ಗಿಂಪು ಇರಲಿ. ನನ್ನ ದೂರು ಬೇರೆ. ನಾವಿರುವುದು ನಗರದ ಹೊರಗಿನ ವೆಸ್ಟ್‌ಚೆಸ್ಟರ್ ಟೌನ್‌ಶಿಪ್‌ನಲ್ಲಿ, ಆಫೀಸ್ ಮಾತ್ರ ಸಿನ್ಸಿನಾಟಿ ಡೌನ್‌ಟೌನ್‌ನಲ್ಲಿ. ಪ್ರತಿ ಸಂಬಳದಲ್ಲೂ 1.8% ಸಿನ್ಸಿನಾಟಿ ನಗರಕ್ಕೆ ಹೋಗುತ್ತದೆ. ಆದರೆ ಅಲ್ಲಿ ನನಗೆ ಮತ ಇಲ್ಲ! ನನ್ನ ದುಡ್ಡನ್ನ ಹೇಗೆ ಖರ್ಚು ಮಾಡಬೇಕು ಅಂತ ಒಂಬತ್ತು ಜನ ಕೂತು ತೀರ್ಮಾನಿಸುತ್ತಾರೆ, ನಾನು ಅವರನ್ನ ಆರಿಸುವ ಹಾಗೂ ಇಲ್ಲ, ಇಳಿಸುವ ಹಾಗೂ ಇಲ್ಲ. ಇದು ಯಾವ ನ್ಯಾಯ?

ಓಹಿಯೋ ದಂಡೆ:
ಅಮ್ಮ, ದಿನಾ ಎಂಟು ಗಂಟೆ ಈ ಊರಿನ ರಸ್ತೆ, ನೀರು, ಪೊಲೀಸ್ ಎಲ್ಲ ಬಳಸುತ್ತೀರಲ್ಲ? ನಿಮ್ಮ ಆಫೀಸಿಗೆ ಬೆಂಕಿ ಬಿದ್ದರೆ ಬರುವುದು ಸಿನ್ಸಿನಾಟಿಯ ಗಾಡಿಯೇ. ಟೌನ್‌ಶಿಪ್‌ನಲ್ಲಿ ಆದಾಯ ತೆರಿಗೆ ಇಲ್ಲ ಅಂತ ಮನೆ ಅಲ್ಲಿ ತಗೊಂಡವರು ನೀವೇ ಅಲ್ವಾ?

ವೆಸ್ಟ್‌ಚೆಸ್ಟರ್ ಅಮ್ಮ:
ಮನೆ ತಗೊಂಡಿದ್ದು ಸ್ಕೂಲ್ ನೋಡಿ, ತೆರಿಗೆ ನೋಡಿ ಅಲ್ಲ. ಕೋವಿಡ್ ಸಮಯದಲ್ಲಿ ನಾವು ಡೌನ್‌ಟೌನ್‌ಗೆ ಕಾಲೇ ಇಡಲಿಲ್ಲ, ಮನೆಯಲ್ಲೇ ಕೆಲಸ. ಆಗಲೂ ಹಿಡಿದರು. ಯಾವ ರಸ್ತೆ ಬಳಸಿದೆ ನಾನು ಆಗ?

ಲೆಕ್ಕದ ಮೇಷ್ಟ್ರು:
ಅದು ಕೋರ್ಟಿಗೂ ಹೋಯಿತು ಮೇಡಂ. ಕೋವಿಡ್ ಹೊತ್ತಿಗೆ ಓಹಿಯೋ ಸರ್ಕಾರ ಒಂದು ತಾತ್ಕಾಲಿಕ ಕಾನೂನು ಮಾಡಿತ್ತು. ಮನೆಯಲ್ಲಿ ಕೂತು ಮಾಡಿದ ಕೆಲಸವೂ ಆಫೀಸಿನಲ್ಲಿ ಮಾಡಿದ ಲೆಕ್ಕ ಅಂತ. ಸಿನ್ಸಿನಾಟಿಯ ಹೊರಗೆ ಇರುವ ಒಬ್ಬರು ಕೇಸ್ ಹಾಕಿದರು. 2024ರ ಫೆಬ್ರವರಿಯಲ್ಲಿ ಓಹಿಯೋ ಸುಪ್ರೀಂ ಕೋರ್ಟ್ ನಗರದ ಪರವಾಗಿ ತೀರ್ಪು ಕೊಟ್ಟಿತು. ಆದರೆ ಆ ಕಾನೂನು 2021ರ ಕೊನೆಗೇ ಮುಗಿದಿದೆ. ಈಗ ನೀವು ನಗರದ ಹೊರಗೆ ಕೂತು ಕೆಲಸ ಮಾಡಿದ ದಿನಗಳಿಗೆ ರಿಫಂಡ್ ಕೇಳಬಹುದು. ಯಾವ ದಿನ ಎಲ್ಲಿದ್ದಿರಿ ಅಂತ ಬರೆದಿಟ್ಟುಕೊಳ್ಳಿ. ಕಂಪನಿಯವರ ಸಹಿಯೂ ಬೇಕಾಗುತ್ತದೆ.

ಇನ್ನೊಂದು ಮಾತು. ಮೊದಲು ಇದು 2.1% ಇತ್ತು. 2020ರಲ್ಲಿ ಸಿನ್ಸಿನಾಟಿ ಇರುವ ಹ್ಯಾಮಿಲ್ಟನ್ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಜನ ಬಸ್ಸಿಗೆ ಅಂತ ಸೇಲ್ಸ್ ಟ್ಯಾಕ್ಸ್ ಒಪ್ಪಿದ ಮೇಲೆ 0.3% ಇಳಿಸಿದರು. ಈ ತೆರಿಗೆಯೇ ನಗರದ ಖಜಾನೆಗೆ ಅತಿ ದೊಡ್ಡ ಆಧಾರ. ಮನೆ ತೆರಿಗೆಯಲ್ಲಿ ಜಾಸ್ತಿ ಪಾಲು ಶಾಲೆಗಳಿಗೆ, ಕೌಂಟಿಗೆ ಹೋಗುತ್ತದೆ.

ಗುಡ್ಡದ ತುದಿ:
ಶಾಲೆ ಅಂದ್ರಲ್ಲ, ಅದನ್ನೂ ಹೇಳಿಬಿಡಿ. ನಮ್ಮವರು ಶಾಲೆಯ ದೂರು ಹಿಡಿದುಕೊಂಡು ಕೌನ್ಸಿಲ್‌ಗೆ ಬರುತ್ತಾರೆ. ಶಾಲೆಗೆ ಬೇರೆ ಬೋರ್ಡ್, ಬೇರೆ ಚುನಾವಣೆ, ಬೇರೆ ತೆರಿಗೆ. ಅಮೆರಿಕನ್ ಫುಟ್‌ಬಾಲ್ ತಂಡ ಬೆಂಗಾಲ್ಸ್ ಆಡುವ ಸ್ಟೇಡಿಯಂ ಕೌಂಟಿಯದ್ದು. ಕುಡಿಯುವ ನೀರು ನಗರದ್ದು. ಒಳಚರಂಡಿ ಕೌಂಟಿಯದ್ದು, ಆದರೆ ನಡೆಸುವುದು ನಗರ!

ರಾಗಿಮುದ್ದೆ:
ತಲೆ ಗಿರ್ ಅಂತಿದೆ ಗುರು.

ಧಾರವಾಡದ ಕಾಕಾ:
ವಾರ್ಡ್ ಯಾಕಿಲ್ಲ ಅಂತ ಹುಡುಗ ಕೇಳಿದನಲ್ಲ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ವಾರ್ಡ್ ಇತ್ತು ರೀ ಇಲ್ಲಿ. ನೂರು ವರ್ಷದ ಹಿಂದೆ ಕೌನ್ಸಿಲ್‌ನಲ್ಲಿ 32 ಜನ. ಅದರಲ್ಲಿ 26 ಜನ ವಾರ್ಡಿನಿಂದ ಬಂದವರು. 32ರಲ್ಲಿ 31 ಜನ ಒಂದೇ ಪಕ್ಷದವರು, ರಿಪಬ್ಲಿಕನ್. ಅದಕ್ಕೂ ಮೊದಲು ಜಾರ್ಜ್ ಕಾಕ್ಸ್ ಅನ್ನುವ ಒಬ್ಬ ಇಡೀ ಊರನ್ನು ಕೈಯಲ್ಲಿ ಹಿಡಿದಿದ್ದ. ಮೂಲತಃ ಹೆಂಡದಂಗಡಿ ಇಟ್ಟುಕೊಂಡಿದ್ದವನು. ಯಾವ ವಾರ್ಡಿಗೆ ಯಾರು ನಿಲ್ಲಬೇಕು, ಯಾರಿಗೆ ನಗರದ ನೌಕರಿ ಸಿಗಬೇಕು, ಎಲ್ಲ ಅವನ ಕಡೆಯವರೇ ಹೇಳಬೇಕು. ಅವನು 1916ರಲ್ಲಿ ಸತ್ತ ಮೇಲೂ ಆ ಯಂತ್ರ ನಿಲ್ಲಲಿಲ್ಲ. ರಸ್ತೆಗಳು ಗುಂಡಿ ಬಿದ್ದವು, ಖಜಾನೆ ಖಾಲಿ.

1924ರಲ್ಲಿ ಜನ ರೊಚ್ಚಿಗೆದ್ದು ಹೊಸ ಚಾರ್ಟರ್‌ಗೆ ಮತ ಹಾಕಿದರು. 32 ಹೋಗಿ 9 ಆಯಿತು. ವಾರ್ಡ್ ಹೋಯಿತು. ಸಿಟಿ ಮ್ಯಾನೇಜರ್ ಬಂದರು. ಮರ್ರೆ ಸೀಸನ್‌ಗುಡ್ ಅನ್ನುವ ವಕೀಲರು 1926ರಲ್ಲಿ ಮೇಯರ್ ಆದರು. ಆ ಚಳವಳಿಯ ಚಾರ್ಟರ್ ಕಮಿಟಿ ಇವತ್ತಿಗೂ ಇಲ್ಲಿ ಒಂದು ಸ್ಥಳೀಯ ಪಕ್ಷದ ಹಾಗೆ ಇದೆ. ಹಾಗಾಗಿ "ವಾರ್ಡ್ ತನ್ನಿ" ಅನ್ನುವವರು ಈ ಕಥೆಯನ್ನು ಒಮ್ಮೆ ಓದಬೇಕು.

ಓಹಿಯೋ ದಂಡೆ:
ಕಾಕಾ, ಅರ್ಧ ಕಥೆ ಹೇಳಿ ನಿಲ್ಲಿಸಬೇಡಿ. 1925ರ ಪದ್ಧತಿಯಲ್ಲಿ ಮತದಾರರು 1, 2, 3 ಅಂತ ಆದ್ಯತೆ ಬರೆಯುತ್ತಿದ್ದರು. ಊರಿನ ಹತ್ತರಲ್ಲಿ ಒಂದು ಪಾಲು ಜನ ಒಟ್ಟಾದರೆ ಅವರಿಗೂ ಒಂದು ಸೀಟು ಸಿಗುವಂತಿತ್ತು. ಅದರಿಂದಲೇ ಕಪ್ಪು ಜನಾಂಗದವರು ಕೌನ್ಸಿಲ್‌ಗೆ ಬರಲು ದಾರಿಯಾಯಿತು. ಥಿಯಡೋರ್ ಬೆರ್ರಿ ಅನ್ನುವ ವಕೀಲರು ಹಾಗೆ ಗೆದ್ದವರು. 1950ರ ದಶಕದಲ್ಲಿ ಅವರೇ ಮುಂದಿನ ಮೇಯರ್ ಆಗಬಹುದು ಅನ್ನುವ ಹೊತ್ತಿಗೆ ಆ ಪದ್ಧತಿ ತೆಗೆಯಲು ಪ್ರಚಾರ ಶುರುವಾಯಿತು. 1957ರಲ್ಲಿ ತೆಗೆದೇಬಿಟ್ಟರು. ಆಮೇಲೆ ಬಂದಿದ್ದೇ ಈಗಿರುವ ಪದ್ಧತಿ. ಹೆಚ್ಚು ಮತ ಬಿದ್ದ ಮೊದಲ ಒಂಬತ್ತು ಜನ ಒಳಗೆ. ಬೆರ್ರಿ ಮೇಯರ್ ಆಗಲು 1972 ಬರಬೇಕಾಯಿತು.

ಅಂದ್ರೆ ವಾರ್ಡ್ ತೆಗೆದಾಗ ಅದರ ಜಾಗಕ್ಕೆ ಒಂದು ಒಳ್ಳೆ ಏರ್ಪಾಡು ಕೊಟ್ಟಿದ್ದರು. ಆ ಏರ್ಪಾಡನ್ನೂ ಕಿತ್ತುಕೊಂಡರು, ವಾರ್ಡನ್ನೂ ವಾಪಸ್ ಕೊಡಲಿಲ್ಲ. ನನಗೆ ಸಿಟ್ಟು ಇರುವುದು ಇದಕ್ಕೆ.

ಧಾರವಾಡದ ಕಾಕಾ:
ಅದು ಖರೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದ್ರ ಪರಿಹಾರ ಆದ್ಯತೆ ಮತ ವಾಪಸ್ ತರುವುದು, ವಾರ್ಡ್ ಅಲ್ಲ. ಪೋರ್ಟ್‌ಲ್ಯಾಂಡ್ ನೋಡ್ರಿ. ಓರೆಗಾನ್‌ನಲ್ಲಿ. 2024ರಲ್ಲಿ ಪೂರ್ತಿ ಪದ್ಧತಿ ಬದಲಾಯಿಸಿ ನಾಲ್ಕು ಜಿಲ್ಲೆ ಮಾಡಿದರು. ಒಂದೊಂದು ಜಿಲ್ಲೆಯಿಂದ ಮೂರು ಮೂರು ಜನ, ಆದ್ಯತೆ ಮತದಿಂದ. ಒಟ್ಟು 12. ನಮ್ಮ ಏರಿಯಾದವರೂ ಇರುತ್ತಾರೆ, ಸಣ್ಣ ಗುಂಪಿಗೂ ಜಾಗ ಸಿಗುತ್ತದೆ.

ಕ್ಲಿಫ್ಟನ್ ಕನ್ನಡಿಗ:
ನನಗೆ ಈಗಿನದ್ದೇ ಪರವಾಗಿಲ್ಲ ಅನಿಸುತ್ತದೆ. ವಾರ್ಡ್ ಇದ್ದರೆ ಒಬ್ಬ ಸದಸ್ಯರ ಜೊತೆ ನನಗೆ ಆಗಿಬರದಿದ್ದರೆ ಕಥೆ ಮುಗಿಯಿತು. ಈಗ ಒಬ್ಬರು ಕೇಳದಿದ್ದರೆ ಇನ್ನೂ ಎಂಟು ಜನ ಇದ್ದಾರೆ. ಒಂಬತ್ತು ಜನಕ್ಕೂ ನನ್ನ ಮತ ಬೇಕು.

ಓಹಿಯೋ ದಂಡೆ:
2021ರಲ್ಲಿ 35 ಜನ ನಿಂತಿದ್ದರು. ಯಾರು 35 ಜನರ ಬಗ್ಗೆ ಓದಿ ಒಂಬತ್ತು ಆರಿಸುತ್ತಾರೆ ಹೇಳಿ? ಹೆಸರು ಕೇಳಿದವರಿಗೆ, ಪಕ್ಷದ ಚೀಟಿಯಲ್ಲಿ ಇದ್ದವರಿಗೆ ಹಾಕಿ ಬರುತ್ತಾರೆ. ಇಡೀ ಊರಿಗೆ ಪ್ರಚಾರ ಮಾಡಲು ದುಡ್ಡು ಬೇಕು. ದುಡ್ಡು ಯಾರ ಹತ್ತಿರ ಇರುತ್ತೆ? ಬಿಲ್ಡರ್‌ಗಳ ಹತ್ತಿರ. 2020ರಲ್ಲಿ ಏನಾಯಿತು ಮರೆತಿರಾ? ಒಂದೇ ವರ್ಷದಲ್ಲಿ ಒಂಬತ್ತರಲ್ಲಿ ಮೂವರನ್ನು ಲಂಚದ ಕೇಸುಗಳಲ್ಲಿ ಎಫ್‌ಬಿಐ (ಕೇಂದ್ರ ತನಿಖಾ ಸಂಸ್ಥೆ) ಬಂಧಿಸಿತು. ತಮಾಯ ಡೆನಾರ್ಡ್, ಜೆಫ್ ಪಾಸ್ಟರ್ ತಪ್ಪೊಪ್ಪಿಕೊಂಡು ಜೈಲಿಗೆ ಹೋದರು. ಪಿ.ಜಿ. ಸಿಟನ್‌ಫೆಲ್ಡ್ ಮುಂದಿನ ಮೇಯರ್ ಅಂತ ಎಲ್ಲರೂ ಹೇಳುತ್ತಿದ್ದವರು. ಡೌನ್‌ಟೌನ್‌ನ ಒಂದು ಕಟ್ಟಡದ ವಿಷಯದಲ್ಲಿ ಬಿಲ್ಡರ್ ವೇಷದಲ್ಲಿ ಬಂದ ಎಫ್‌ಬಿಐ ಏಜೆಂಟರಿಂದ ಚುನಾವಣಾ ದೇಣಿಗೆ ತಗೊಂಡ ಕೇಸ್.

ಲೆಕ್ಕದ ಮೇಷ್ಟ್ರು:
ಪೂರ್ತಿ ಹೇಳೋಣ. ಸಿಟನ್‌ಫೆಲ್ಡ್ ಮೇಲೆ ಆರು ಆರೋಪ ಇತ್ತು. 2022ರಲ್ಲಿ ಜ್ಯೂರಿ ಎರಡರಲ್ಲಿ ಮಾತ್ರ ತಪ್ಪಿತಸ್ಥ ಅಂತ ಹೇಳಿತು. 16 ತಿಂಗಳ ಶಿಕ್ಷೆ ಆಯಿತು. 2025ರ ಮೇ ತಿಂಗಳಲ್ಲಿ ಅಧ್ಯಕ್ಷ ಟ್ರಂಪ್ ಕ್ಷಮಾದಾನ ಕೊಟ್ಟರು. ದೇಣಿಗೆ ಯಾವುದು, ಲಂಚ ಯಾವುದು ಅನ್ನುವ ವಾದ ಇನ್ನೂ ಮುಗಿದಿಲ್ಲ.

ಮತ್ತೆ ಲಂಚಕ್ಕೂ ವಾರ್ಡಿಗೂ ಏನು ಸಂಬಂಧ? ಶಿಕಾಗೊದಲ್ಲಿ 50 ವಾರ್ಡ್ ಇದೆ. ಅಲ್ಲಿ ಜೈಲಿಗೆ ಹೋದ ಕೌನ್ಸಿಲ್ ಸದಸ್ಯರ ಪಟ್ಟಿ ಇಲ್ಲಿಗಿಂತ ಬಹಳ ಉದ್ದ.

ಕುಂದಾಪ್ರ ಭಟ್ರು:
ಇದು ಸರಿಯಾದ ಮಾತು ಮೇಷ್ಟ್ರೇ.

ಗುಡ್ಡದ ತುದಿ:
ಐದು ಜನರ ಮೆಸೇಜ್ ಪ್ರಕರಣ ಯಾರೂ ಎತ್ತಲಿಲ್ಲ. ಈ ಊರು ಹೇಗೆ ನಡೆಯುತ್ತೆ ಅಂತ ನನಗೆ ಅರ್ಥವಾಗಿದ್ದೇ ಅದರಿಂದ. 2018ರಲ್ಲಿ ಮೇಯರ್ ಜಾನ್ ಕ್ರ್ಯಾನ್ಲಿ ಆಗಿನ ಸಿಟಿ ಮ್ಯಾನೇಜರ್ ಹ್ಯಾರಿ ಬ್ಲ್ಯಾಕ್ ರಾಜೀನಾಮೆ ಕೊಡಲಿ ಅಂದರು. ಕೌನ್ಸಿಲ್‌ನ ಐದು ಜನ ಒಪ್ಪಲಿಲ್ಲ. ಒಂಬತ್ತರಲ್ಲಿ ಐದು ಅಂದ್ರೆ ಬಹುಮತ. ವಾರಗಟ್ಟಲೆ ಎಳೆದಾಡಿದರು. ಆ ಐದೂ ಜನ ಫೋನಿನಲ್ಲಿ ಗುಂಪು ಮಾಡಿಕೊಂಡು ನಗರದ ವಿಷಯವನ್ನು ಮೆಸೇಜ್‌ನಲ್ಲೇ ಚರ್ಚೆ ಮಾಡುತ್ತಿದ್ದದ್ದು ಹೊರಗೆ ಬಂತು.

ಓಹಿಯೋದಲ್ಲಿ ಬಹುಮತದಷ್ಟು ಸದಸ್ಯರು ಗುಟ್ಟಾಗಿ ಸೇರಿ ಊರಿನ ವಿಷಯ ಚರ್ಚೆ ಮಾಡುವಂತಿಲ್ಲ. ಸಭೆ ಜನರ ಎದುರಿಗೇ ಆಗಬೇಕು. ಒಬ್ಬ ನಾಗರಿಕರು ಕೇಸ್ ಹಾಕಿದರು. 2019ರಲ್ಲಿ ರಾಜಿಯಾಯಿತು. ನಗರ 1,01,000 ಡಾಲರ್ ಕೊಟ್ಟಿತು, ಮೆಸೇಜ್‌ಗಳು ಬಯಲಾದವು. ನ್ಯಾಯಾಧೀಶರು ಆ ಐವರೂ ರಾಜೀನಾಮೆ ಕೊಡಬೇಕು ಅಂತ ಕೋರ್ಟಿನಲ್ಲೇ ಹೇಳಿದರು. ಯಾರೂ ಕೊಡಲಿಲ್ಲ ಅನ್ನುವುದು ಬೇರೆ ವಿಷಯ. ಆದರೆ ಒಬ್ಬ ಸಾಮಾನ್ಯ ನಾಗರಿಕ ಇಷ್ಟು ಮಾಡಬಹುದು ಅನ್ನುವುದು ಸಣ್ಣದಲ್ಲ.

ರಾಗಿಮುದ್ದೆ:
ವಾಟ್ಸಾಪ್ ಗ್ರೂಪ್ ಮಾಡಿದ್ದಕ್ಕೆ ದಂಡ! ನಮ್ಮ ಊರಲ್ಲಿ ಸದಸ್ಯರನ್ನ ರೆಸಾರ್ಟ್‌ನಲ್ಲೇ ಇಟ್ಟುಕೊಂಡಿರುತ್ತಾರೆ.

ಹಾಸನದ ಹುಡುಗ:
ತುಂಬಾ ವಿಷಯ ತಿಳಿಯಿತು, ಎಲ್ಲರಿಗೂ ಧನ್ಯವಾದ. ಆದರೆ ಹಂಪ್ ಅಲ್ಲೇ ಉಳಿಯಿತು. ಏನು ಮಾಡಲಿ?

ಕ್ಲಿಫ್ಟನ್ ಕನ್ನಡಿಗ:
ಮೊದಲು ನಗರದ ದೂರು ಸಂಖ್ಯೆ 311ಕ್ಕೆ ಫೋನ್ ಮಾಡಿ ದೂರು ನಂಬರ್ ತಗೊಳ್ಳಿ. ಎರಡನೆಯದು, ನಿಮ್ಮ ಬಡಾವಣೆಯ ಕಮ್ಯುನಿಟಿ ಕೌನ್ಸಿಲ್‌ಗೆ ಹೋಗಿ. ಸಿನ್ಸಿನಾಟಿಯಲ್ಲಿ 52 ಬಡಾವಣೆ ಇವೆ, ಹೆಚ್ಚುಕಡಿಮೆ ಎಲ್ಲ ಕಡೆ ಅಲ್ಲಿನ ಜನರೇ ನಡೆಸುವ ಇಂಥ ಸಂಘ ಇದೆ. ಅವರಿಗೆ ಕಾನೂನು ಮಾಡುವ ಅಧಿಕಾರ ಇಲ್ಲ. ಆದರೆ ಅವರ ಪತ್ರಕ್ಕೆ ಬೆಲೆ ಇದೆ. ವಾರ್ಡ್ ಸದಸ್ಯರ ಗೇಟ್ ಅಂದ್ರಲ್ಲ, ಇಲ್ಲಿ ಅದೇ ಗೇಟ್.

ಮೂರನೆಯದು, ಕೌನ್ಸಿಲ್ ಮುಂದೆ ಮಾತಾಡಿ. ನಾನು ಒಂದು ಸಲ ನಮ್ಮ ರಸ್ತೆ ದಾಟುವ ಜಾಗದ ಬಗ್ಗೆ ಹೋಗಿದ್ದೆ. ಸಭೆ ಸಿಟಿ ಹಾಲ್‌ನಲ್ಲಿ. ಪ್ಲಮ್ ಸ್ಟ್ರೀಟ್‌ನಲ್ಲಿ ಕೆಂಪು ಕಲ್ಲಿನ ದೊಡ್ಡ ಕಟ್ಟಡ, 1893ರದ್ದು. ಒಳಗೆ ಮೆಟ್ಟಿಲು ಹತ್ತುವಾಗ ಬಣ್ಣದ ಗಾಜಿನ ದೊಡ್ಡ ದೊಡ್ಡ ಕಿಟಕಿಗಳು. ಹೆಸರು ಬರೆಸಿದೆ. ಎರಡು ನಿಮಿಷ ಕೊಟ್ಟರು. ಎರಡು ನಿಮಿಷ ಅಂದ್ರೆ ಬಹಳ ಕಮ್ಮಿ, ನಮಸ್ಕಾರ ಹೇಳುವುದರಲ್ಲೇ ಕಾಲು ಭಾಗ ಹೋಗುತ್ತದೆ. ಬರೆದುಕೊಂಡು ಹೋಗಿ, ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡಿ. ಫೋಟೋ ಇದ್ದರೆ ಪ್ರತಿ ಮಾಡಿಸಿ ಕೊಡಿ. ನನ್ನ ಹಿಂದೆ ನಿಂತಿದ್ದ ಒಬ್ಬ ಅಜ್ಜಿ ತಮ್ಮ ಬೀದಿಯ ಒಂದೊಂದು ಅಪಘಾತದ ತಾರೀಖು ಓದಿದರು, ಬೇರೆ ಏನೂ ಹೇಳಲಿಲ್ಲ. ಇಡೀ ಸಭೆ ತಲೆ ಎತ್ತಿ ನೋಡಿತು. ನಾನು ಹೊರಗೆ ಬರುವಾಗ ಒಬ್ಬ ಸದಸ್ಯರ ಸಹಾಯಕರು ಬಂದು ನನ್ನ ಇಮೇಲ್ ಬರೆದುಕೊಂಡರು. ಆಮೇಲೆ ಆಡಳಿತದಿಂದ ವರದಿ ಕೇಳುವ ಒಂದು ಪ್ರಸ್ತಾಪ ಬಂತು, ಎಂಜಿನಿಯರ್‌ಗಳು ಬಂದು ಅಳತೆ ಮಾಡಿದರು.

ಮೇಸನ್ ಮಲ್ಲಿಕಾ:
ನಾವು ಇನ್ನೂ ಗ್ರೀನ್ ಕಾರ್ಡ್ ಸಾಲಿನಲ್ಲಿ ಇದ್ದೇವೆ. ನಮ್ಮಂಥವರು ಹೋಗಿ ಮಾತಾಡಬಹುದಾ? ಯಾರಾದರೂ ಪೇಪರ್ ಕೇಳುತ್ತಾರಾ?

ಕ್ಲಿಫ್ಟನ್ ಕನ್ನಡಿಗ:
ಧೈರ್ಯವಾಗಿ ಹೋಗಿ ಅಕ್ಕ. ಮತ ಹಾಕಲು ಸಿಟಿಜನ್ ಆಗಿರಬೇಕು. ಮಾತಾಡಲು ಬೇಕಿಲ್ಲ. ಆದರೆ ನೀವು ಮೇಸನ್‌ನಲ್ಲಿ ಇರುವವರು, ನಿಮ್ಮ ಊರಿಗೆ ಬೇರೆ ಕೌನ್ಸಿಲ್ ಇದೆ. ನಿಮ್ಮ ರಸ್ತೆ ವಿಷಯಕ್ಕೆ ಅಲ್ಲಿ ಹೋಗಬೇಕು.

ವೆಸ್ಟ್‌ಚೆಸ್ಟರ್ ಅಮ್ಮ:
ಸಭೆ ಬುಧವಾರ ಮಧ್ಯಾಹ್ನ 2 ಗಂಟೆಗೆ ಅಲ್ವಾ? ಕೆಲಸಕ್ಕೆ ಹೋಗುವವರು ಹೇಗೆ ಬರಬೇಕು? ನಮ್ಮ ಟೌನ್‌ಶಿಪ್ ಸಭೆ ಸಂಜೆ ಇರುತ್ತದೆ.

ಓಹಿಯೋ ದಂಡೆ:
ಈ ಮಾತಿಗೆ ನನ್ನ ಪೂರ್ತಿ ಬೆಂಬಲ ಅಮ್ಮ. ಮಧ್ಯಾಹ್ನ 2 ಗಂಟೆಗೆ ಬರಲು ಆಗುವವರು ನಿವೃತ್ತರು, ವಕೀಲರು, ಸಂಬಳ ತಗೊಂಡು ಲಾಬಿ ಮಾಡುವವರು. ಅಂಗಡಿಯಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯುವವರಿಗೆ ಅರ್ಧ ದಿನದ ಕೂಲಿ ಹೋಗುತ್ತದೆ.

ನಗರಯೋಜಕಿ:
ಸಭೆಗೆ ಹೋಗಲು ಆಗದವರಿಗೆ ಇನ್ನೊಂದು ಆಯುಧ ಇದೆ, ಸಹಿ. ಹೈಡ್ ಪಾರ್ಕ್ ಸ್ಕ್ವೇರ್ ಕಥೆ ಗೊತ್ತಲ್ಲ? ಅಲ್ಲಿ ಹೋಟೆಲ್, ಅಪಾರ್ಟ್‌ಮೆಂಟ್ ಸೇರಿ ದೊಡ್ಡ ಕಟ್ಟಡಕ್ಕೆ 2025ರಲ್ಲಿ ಕೌನ್ಸಿಲ್ ಒಪ್ಪಿಗೆ ಕೊಟ್ಟಿತು. ಅಲ್ಲಿನ ಜನ ಮನೆ ಮನೆಗೆ ಹೋಗಿ ಸಾವಿರಾರು ಸಹಿ ಹಾಕಿಸಿದರು, ವಿಷಯ ಜನರ ಮತಕ್ಕೆ ಬರಲಿ ಅಂತ. ಕೊನೆಗೆ ಕೌನ್ಸಿಲ್ ತಾನೇ ಆ ಒಪ್ಪಿಗೆ ವಾಪಸ್ ತಗೊಂಡಿತು.

ಒಂದು ಸೂಕ್ಷ್ಮ ನೆನಪಿಡಿ. ಸಾಮಾನ್ಯ ಕಾನೂನು ಪಾಸಾಗಿ 30 ದಿನ ಆದ ಮೇಲೆ ಜಾರಿಗೆ ಬರುತ್ತದೆ. ಆ 30 ದಿನದಲ್ಲೇ ಸಹಿ ಸೇರಿಸಬೇಕು. ಆರು ಮತದಿಂದ "ತುರ್ತು" ಅಂತ ಪಾಸ್ ಮಾಡಿದರೆ ಅದು ತಕ್ಷಣ ಜಾರಿ. ಅದರ ಮೇಲೆ ಸಹಿ ಸಂಗ್ರಹಿಸಿ ಜನಮತ ಕೇಳಲು ಆಗುವುದಿಲ್ಲ. ಹಾಗಾಗಿ ಕಾರ್ಯಸೂಚಿಯಲ್ಲಿ ತುರ್ತು ಅನ್ನುವ ಪದ ಕಂಡರೆ ಕಣ್ಣು ಅಗಲಿಸಿ ನೋಡಿ.

ಓಹಿಯೋ ದಂಡೆ:
ಹೈಡ್ ಪಾರ್ಕ್ ಅಂದ್ರೆ ದುಡ್ಡಿರುವವರ ಜಾಗ. ಅವರಿಗೆ ವಕೀಲರೂ ಸಿಗುತ್ತಾರೆ, ಸಹಿ ಹಾಕಿಸಲು ಸಮಯವೂ ಇರುತ್ತದೆ. ವಿಂಟನ್ ಹಿಲ್ಸ್‌ನಂಥ ಬಡ ಬಡಾವಣೆಯವರು ಅಷ್ಟು ಸಹಿ ಸೇರಿಸಲಿ ನೋಡೋಣ. ಅದಕ್ಕೇ ನಾನು ಹೇಳುವುದು, ಅವರಿಗೆ ಅಂತ ಒಬ್ಬರು ಇರಬೇಕು.

ನಗರಯೋಜಕಿ:
ವಾರ್ಡ್ ಇದ್ದಿದ್ದರೆ 2024ರ ಜೂನ್‌ನಲ್ಲಿ ಆದ ಝೋನಿಂಗ್ ಬದಲಾವಣೆ ಪಾಸಾಗುತ್ತಲೇ ಇರಲಿಲ್ಲ. ಬಸ್ ಹೋಗುವ ದೊಡ್ಡ ರಸ್ತೆಗಳ ಹತ್ತಿರ, ಪೇಟೆ ಬೀದಿಗಳ ಹತ್ತಿರ ಎರಡು, ಮೂರು, ನಾಲ್ಕು ಮನೆಯ ಕಟ್ಟಡ ಕಟ್ಟಬಹುದು ಅಂತ ಮಾಡಿದರು. 6-3ರಲ್ಲಿ ಪಾಸ್ ಆಯಿತು. ಬಾಡಿಗೆ ಏರುತ್ತಿರುವ ಊರಿಗೆ ಇದು ಬೇಕಿತ್ತು. ವಾರ್ಡ್ ಸದಸ್ಯರಾದರೆ ಒಬ್ಬೊಬ್ಬರೂ "ಕಟ್ಟಲಿ, ಆದರೆ ನಮ್ಮ ವಾರ್ಡಿನಲ್ಲಿ ಬೇಡ" ಅನ್ನುತ್ತಿದ್ದರು.

ಓಹಿಯೋ ದಂಡೆ:
ಅನ್ನಲಿ! ಅವರ ಜನ ಬೇಡ ಅಂದರೆ ಅವರು ಬೇಡ ಅನ್ನಲೇಬೇಕು.

ಧಾರವಾಡದ ಕಾಕಾ:
ನೀವಿಬ್ಬರೂ ಜಗಳ ಆಡ್ರಿ, ನಾನು ಟ್ರಾಮ್ ವಿಷಯ ಹೇಳುತ್ತೇನೆ. ಮೇಯರ್‌ಗೂ ಕೌನ್ಸಿಲ್‌ಗೂ ಬಲ ಪರೀಕ್ಷೆ ಅಂದ್ರೆ ಅದೇ. 2013ರಲ್ಲಿ ಡೌನ್‌ಟೌನ್‌ನಲ್ಲಿ ಹಳಿ ಹಾಕುತ್ತಿದ್ದರು. ಕ್ರ್ಯಾನ್ಲಿ "ಇದನ್ನು ನಿಲ್ಲಿಸುತ್ತೇನೆ" ಅಂತಲೇ ಮೇಯರ್ ಚುನಾವಣೆ ಗೆದ್ದರು. ಡಿಸೆಂಬರ್ ಮೊದಲ ವಾರ ಹೊಸ ಕೌನ್ಸಿಲ್ ಕೆಲಸ ನಿಲ್ಲಿಸಿತು. ಅರ್ಧ ಹಳಿ ನೆಲದಲ್ಲಿ, ನಿಲ್ಲಿಸಿದರೂ ಕೋಟಿಗಟ್ಟಲೆ ಖರ್ಚು, ಕೇಂದ್ರದ ಅನುದಾನ ವಾಪಸ್ ಹೋಗುವ ಭಯ. ಲೆಕ್ಕ ತೆಗೆಸಿದರು. ಒಂದು ದತ್ತಿ ಸಂಸ್ಥೆ ನಡೆಸುವ ಖರ್ಚಿಗೆ ಸಹಾಯ ಮಾಡುತ್ತೇವೆ ಅಂತ ಮುಂದೆ ಬಂತು. ಡಿಸೆಂಬರ್ 19ಕ್ಕೆ ಮತ ಹಾಕಿದಾಗ ಮುಂದುವರಿಸಲು ಆರು, ಬೇಡ ಅನ್ನಲು ಮೂರು. ಆರು ಬಂದ ಮೇಲೆ ವೀಟೋ ಹಾಕಿ ಪ್ರಯೋಜನ ಇಲ್ಲ. ಐದಾಗಿದ್ದರೆ ಟ್ರಾಮ್ ಇರುತ್ತಿರಲಿಲ್ಲ. 2016ರಲ್ಲಿ ಓಡಲು ಶುರುವಾಯಿತು, 2020ರಿಂದ ಟಿಕೆಟ್ಟೂ ಇಲ್ಲ.

ರಾಗಿಮುದ್ದೆ:
ಕಾಕಾ, ರೈಲಿನ ವಿಷಯಕ್ಕೇ ಬಂದಿರಿ. ಈ ನಗರಕ್ಕೆ ಸ್ವಂತ ರೈಲು ಮಾರ್ಗ ಇತ್ತಂತೆ, ಮಾರಿದರಂತೆ, ನಿಜವಾ?

ಧಾರವಾಡದ ಕಾಕಾ:
ನಿಜ. ಸಿನ್ಸಿನಾಟಿಯಿಂದ ಟೆನೆಸ್ಸಿಯ ಚಟನೂಗಾವರೆಗೆ 337 ಮೈಲಿ. ನಗರವೇ ಸಾಲ ಎತ್ತಿ ಕಟ್ಟಿಸಿದ್ದು, 1880ರಲ್ಲಿ ಮುಗಿಯಿತು. ಖಾಸಗಿ ಕಂಪನಿಗಳಲ್ಲಿ ನಗರಗಳು ದುಡ್ಡು ಹಾಕಬಾರದು ಅಂತ ಓಹಿಯೋ ಸಂವಿಧಾನ ಹೇಳುತ್ತಿತ್ತು. ಅದಕ್ಕೆ ಇಡೀ ಮಾರ್ಗವನ್ನೇ ನಗರ ತನ್ನ ಹೆಸರಿನಲ್ಲಿ ಕಟ್ಟಿಸಿತು. ಆಮೇಲೆ ಬಾಡಿಗೆಗೆ ಕೊಟ್ಟು ವರ್ಷಕ್ಕೆ ಸುಮಾರು 25 ಮಿಲಿಯನ್ ಡಾಲರ್ ಬರುತ್ತಿತ್ತು. 2023ರ ನವೆಂಬರ್‌ನಲ್ಲಿ ಜನರ ಮತ ಕೇಳಿ ನಾರ್ಫೋಕ್ ಸದರ್ನ್ ರೈಲು ಕಂಪನಿಗೆ 1.6 ಬಿಲಿಯನ್ ಡಾಲರ್‌ಗೆ ಮಾರಿದರು. ಅಂತರ ಸ್ವಲ್ಪವೇ ಇತ್ತು.

ಕುಂದಾಪ್ರ ಭಟ್ರು:
ಹಿರಿಯರ ಆಸ್ತಿ ಮಾರಿದ್ದು ನನಗೆ ಸರಿ ಕಾಣುವುದಿಲ್ಲ. ಅದೂ ಆ ಕಂಪನಿಗೆ. ಅದೇ ವರ್ಷ ಫೆಬ್ರವರಿಯಲ್ಲಿ ಅವರ ರೈಲು ಈಸ್ಟ್ ಪ್ಯಾಲೆಸ್ಟೈನ್‌ನಲ್ಲಿ ಹಳಿ ತಪ್ಪಿ ಊರಿಗೆಲ್ಲ ವಿಷದ ಹೊಗೆ ತುಂಬಿತ್ತು. ಓಹಿಯೋದಲ್ಲೇ!

ಲೆಕ್ಕದ ಮೇಷ್ಟ್ರು:
ಅಸಲನ್ನ ಕೌನ್ಸಿಲ್ ಮುಟ್ಟುವಂತಿಲ್ಲ ಭಟ್ರೇ. ಅದು ಟ್ರಸ್ಟ್‌ನಲ್ಲಿ ಇದೆ, ಬೇರೆ ಟ್ರಸ್ಟಿಗಳು ನೋಡಿಕೊಳ್ಳುತ್ತಾರೆ. ಅದರಿಂದ ಬರುವ ಆದಾಯ ಮಾತ್ರ ನಗರಕ್ಕೆ. ಅದನ್ನೂ ಹಳೇ ರಸ್ತೆ, ಸೇತುವೆ, ಪಾರ್ಕು, ಕಟ್ಟಡ ರಿಪೇರಿಗೇ ಹಾಕಬೇಕು. ಹೊಸದು ಕಟ್ಟುವ ಹಾಗಿಲ್ಲ. ಹುಡುಗನ ಹಂಪ್‌ಗೂ ಇದರಿಂದ ಸಿಗಬಹುದಾ ಅಂತ ಕೇಳಿ ನೋಡಬೇಕು, ಇರುವ ರಸ್ತೆಯ ಕೆಲಸ ತಾನೆ?

ಮೇಸನ್ ಮಲ್ಲಿಕಾ:
ವಿಷಯ ಸ್ವಲ್ಪ ಬೇರೆ. ಸಿನ್ಸಿನಾಟಿಗೂ ಮೈಸೂರಿಗೂ ಸಿಸ್ಟರ್ ಸಿಟಿ, ಅಂದ್ರೆ ಊರು ಊರಿನ ಗೆಳೆತನದ ಸಂಬಂಧ ಇದೆ, ಎಷ್ಟು ಜನಕ್ಕೆ ಗೊತ್ತು? ಮೇಯರ್ ಅಫ್ತಾಬ್ ಪುರೇವಾಲ್ ಅವರ ಅಪ್ಪ ಪಂಜಾಬಿ. ಅಮ್ಮ ಟಿಬೆಟ್‌ನಿಂದ ಬಂದು ದಕ್ಷಿಣ ಭಾರತದ ನಿರಾಶ್ರಿತರ ಶಿಬಿರದಲ್ಲಿ ಬೆಳೆದವರು. 2025ರಲ್ಲಿ ಮತ್ತೆ ಗೆದ್ದರು. ನಮ್ಮ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಒಮ್ಮೆ ಕರೆಯಬೇಕು ಅಂತ ನನ್ನ ಆಸೆ.

ರಾಗಿಮುದ್ದೆ:
ಕರೆಯಿರಿ. ಬಿಸಿಬೇಳೆಬಾತ್ ಕೊಟ್ಟು ಹಂಪ್ ಕೇಳೋಣ.

ನಗರಯೋಜಕಿ:
ಹಂಪ್‌ಗೆ ಅರ್ಜಿ ಹಾಕಿದರೆ ಸಾಕು! ಹಾಸನದವರೇ, ನಾರ್ತ್‌ಸೈಡ್‌ನ ಕಮ್ಯುನಿಟಿ ಕೌನ್ಸಿಲ್ ಮುಂದಿನ ಸಭೆ ಯಾವಾಗ ಅಂತ ನೋಡಿಕೊಳ್ಳಿ. ಹೋಗುವ ಮೊದಲು ಬೀದಿಯ ಅಕ್ಕಪಕ್ಕದವರ ಸಹಿ ತಗೊಳ್ಳಿ. ಬಜೆಟ್ ವರ್ಷ ಜುಲೈ 1ಕ್ಕೆ ಶುರು. ಮೇ, ಜೂನ್‌ನಲ್ಲಿ ಬಜೆಟ್ ಬಗ್ಗೆ ಸಾರ್ವಜನಿಕ ಸಭೆ ನಡೆಯುತ್ತವೆ, ಕೆಲವು ಸಂಜೆ ಹೊತ್ತು, ಸಿಟಿ ಹಾಲ್‌ನಿಂದ ಹೊರಗೆ ಬಡಾವಣೆಗಳಲ್ಲೇ. ರಸ್ತೆ ಸುರಕ್ಷತೆಗೆ ಎಷ್ಟು ದುಡ್ಡು ಅನ್ನುವುದು ಅಲ್ಲೇ ತೀರ್ಮಾನವಾಗುವುದು. ನಗರದ ಸಾಮಾನ್ಯ ನಿಧಿಯಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕಕ್ಕೇ ಅರ್ಧಕ್ಕಿಂತ ಜಾಸ್ತಿ ಹೋಗುತ್ತದೆ, ಉಳಿದಿದ್ದರಲ್ಲಿ ಎಲ್ಲರೂ ಕಿತ್ತಾಡಬೇಕು.

ಹಾಸನದ ಹುಡುಗ:
ಸರಿ ಮೇಡಂ. ಪಕ್ಕದ ಮನೆಯವರ ಹತ್ತಿರ ಇವತ್ತೇ ಮಾತಾಡಿದೆ, ಅವರೂ ಬರುತ್ತಾರಂತೆ. ಸಹಿ ಹಾಳೆಗೆ ಯಾವುದಾದರೂ ನಮೂನೆ ಇದೆಯಾ, ಸುಮ್ನೆ ಬಿಳಿ ಹಾಳೆ ಸಾಕಾ?

ಕ್ಲಿಫ್ಟನ್ ಕನ್ನಡಿಗ:
ಇದಕ್ಕೆ ಬಿಳಿ ಹಾಳೆ ಸಾಕು. ಹೆಸರು, ಮನೆ ನಂಬರ್, ಸಹಿ. ಬಾಡಿಗೆಯಲ್ಲಿ ಇರುವವರ ಸಹಿಯನ್ನೂ ತಗೊಳ್ಳಿ, ಬಿಡಬೇಡಿ.

ಓಹಿಯೋ ದಂಡೆ:
ನಾನೂ ನಾರ್ತ್‌ಸೈಡ್‌ನಲ್ಲೇ ಇರುವುದು. ಯಾವ ಬೀದಿ ಅಂತ ಮೆಸೇಜ್ ಮಾಡಿ, ಶನಿವಾರ ಜೊತೆಗೆ ಬರುತ್ತೇನೆ. ವಾರ್ಡ್ ಬೇಕು ಅನ್ನುವ ವಾದ ಮಾತ್ರ ಬಿಟ್ಟಿಲ್ಲ, ನಡೆಯುತ್ತಾ ಮುಂದುವರಿಸೋಣ.